ಒಂದು ಊರು ಇನ್ನೊಂದು ಊರಿಗೆ ಕಳಿಸುತ್ತೆ

ಊರೂರು ಸುತ್ತೋದು ಯಾಕಿಷ್ಟ, ಅದರಿಂದ ಏನು ಕಲಿತಿರಿ ಅಂತ ಕೇಳಿದ್ದೀರಿ. ನನ್ನ ಉತ್ತರ ಬಾದಾಮಿಯಿಂದ ಶುರುವಾಗುತ್ತೆ.

ನಾನು ಮಂಡ್ಯ ಕಡೆಯವನು. ಮೊದಲ ಸಲ ಬಾದಾಮಿಗೆ ಹೋದಾಗ ಬೆಳಿಗ್ಗೆ ಗುಹೆಗಳನ್ನು ನೋಡಿ, ಮಧ್ಯಾಹ್ನ ಬನಶಂಕರಿ ಗುಡಿಗೆ ಹೋದೆ. ಐದು ಕಿಲೋಮೀಟರ್ ಅಷ್ಟೆ. ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಊಟ ತಂದು ಮಾರುತ್ತಾರೆ. ಮನೆಯಲ್ಲೇ ಬಡಿದ ಜೋಳದ ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಬಡಿಸಿದ ಅಜ್ಜಿ ನನ್ನ ಊರು ಕೇಳಿದರು. ಹೇಳಿದೆ. "ನಿಮ್ ಕಡೆ ಮುದ್ದಿ ಅಗಿಯಂಗಿಲ್ಲಂತ, ಖರೇನ ತಮ್ಮಾ?" ಅಂದರು. ಹೌದಜ್ಜಿ, ನುಂಗೋದು ಅಂದೆ. ಪಕ್ಕದ ಬುಟ್ಟಿಯವರನ್ನೂ ಕರೆದು ನನ್ನ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದರು! ಆಮೇಲೆ ಇನ್ನೊಂದು ರೊಟ್ಟಿ ಹಾಕಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ.

ಇಬ್ಬರೂ ಕನ್ನಡದವರೇ, ಅಲ್ವಾ? ಆದರೂ ಒಬ್ಬರ ತಟ್ಟೆ ಇನ್ನೊಬ್ಬರಿಗೆ ಹೊಸದು. 'ನಮ್ಮ ಕಡೆ' ಅಂತ ನಾನು ಅಂದುಕೊಂಡಿದ್ದ ಜಾಗ ಎಷ್ಟು ಚಿಕ್ಕದು ಅಂತ ಆ ಕಟ್ಟೆಯ ಮೇಲೆ ಕೂತಾಗ ತಿಳಿಯಿತು.

ಮರುದಿನ ಪಟ್ಟದಕಲ್ಲು. ಅಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅವಳ ಗಂಡ, ಚಾಲುಕ್ಯರ ಎರಡನೇ ವಿಕ್ರಮಾದಿತ್ಯ, ಪಲ್ಲವರ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಕಟ್ಟಿಸಿದ್ದು. ಅದಕ್ಕೂ ನೂರು ವರ್ಷ ಹಿಂದೆ, 642ರ ಸುಮಾರಿಗೆ, ಪಲ್ಲವರ ನರಸಿಂಹವರ್ಮ ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಗೆದ್ದುಕೊಂಡಿದ್ದ. ಅಂದರೆ ಹಳೇ ಸೇಡು. ಆದರೆ ಕಂಚಿ ಗೆದ್ದ ವಿಕ್ರಮಾದಿತ್ಯ ಅಲ್ಲಿನ ಕೈಲಾಸನಾಥ ದೇವಸ್ಥಾನದ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಬಿಟ್ಟುಕೊಟ್ಟನಂತೆ. ಹಾಗಂತ ಆ ದೇವಸ್ಥಾನದ ಕಂಬದ ಮೇಲೆ ಕನ್ನಡದಲ್ಲೇ ಬರೆಸಿದ್ದಾನೆ.

ತಮಿಳುನಾಡಿನ ಗುಡಿಯೊಳಗೆ ಹದಿಮೂರು ಶತಮಾನದಷ್ಟು ಹಳೆಯ ಕನ್ನಡ! ಇದನ್ನು ಕೇಳಿದ ಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಮುಂದಿನ ರಜೆಗೆ ಕಂಚಿಗೆ ಹೋದೆ. ನನಗೆ ತಮಿಳು ಬರಲ್ಲ. ಅಲ್ಲಿನ ಕಾವಲುಗಾರರಿಗೆ ಕನ್ನಡ ಬರಲ್ಲ. 'ಕನ್ನಡ, ಕಲ್ಲು, ಎಳುತ್ತು' (ತಮಿಳಲ್ಲಿ ಎಳುತ್ತು ಅಂದರೆ ಬರಹ) ಅಂತ ಮೂರೇ ಮಾತು ಹೇಳಿ ಬೆರಳಲ್ಲಿ ಗಾಳಿಯ ಮೇಲೆ ಬರೆದು ತೋರಿಸಿದೆ. ಅವರು ನಕ್ಕು, ಸೀದಾ ಒಂದು ಕಂಬದ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದರು. ಆ ಹಳೇ ಲಿಪಿ ನನಗೆ ಓದಲು ಬರಲಿಲ್ಲ. ಒಂದೆರಡು ಅಕ್ಷರ ಗುರುತು ಸಿಕ್ಕಂತೆ ಅನಿಸಿತು, ಅಷ್ಟೆ. ಆದರೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಅವರೂ ಪಕ್ಕದಲ್ಲೇ ನಿಂತಿದ್ದರು.

ನನಗೆ ತಿರುಗಾಟ ಇಷ್ಟ ಆಗೋದು ಇದಕ್ಕೇ. ರೊಟ್ಟಿ ತಿನ್ನಲು ಹೋದ ಊರು ಶಾಸನ ಹುಡುಕಲು ಕಳಿಸಿತು. ಗೆದ್ದವರು, ಸೋತವರು ಅಂತ ಶಾಲೆಯಲ್ಲಿ ಉರುಹೊಡೆದಿದ್ದೆ. ಎರಡೂ ಕಡೆ ಹೋಗಿ ನಿಂತ ಮೇಲೆ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಇನ್ನೊಂದು ಮಾತು: ಕೇಳಲು ಸಂಕೋಚ ಪಡಬೇಡಿ. ಮೊಬೈಲಿನ ಮ್ಯಾಪ್ ಗುಡಿಯವರೆಗೆ ಬಿಡುತ್ತೆ, ಕಂಬ ತೋರಿಸೋದು ಮನುಷ್ಯರೇ.

ಬಾದಾಮಿಯಲ್ಲಿ ಬಂಡೆಯ ಮೇಲೆ ಹಳೇ ಕನ್ನಡದಲ್ಲಿ ಕೆತ್ತಿರುವ ಕಪ್ಪೆ ಅರಭಟ್ಟನ ಶಾಸನ ಆ ಸಲ ನೋಡಿರಲಿಲ್ಲ. ಈ ಚಳಿಗಾಲಕ್ಕೆ ಹೊರಟಿದ್ದೇನೆ. ಅಜ್ಜಿ ಅಲ್ಲೇ ಸಿಕ್ಕರೆ ಕೊಡೋಣ ಅಂತ ಎರಡು ಕೆಜಿ ರಾಗಿ ಹಿಟ್ಟು ಬೀಸಿಸಿ ಇಟ್ಟಿದ್ದೇನೆ.