ಎಷ್ಟು ಎಳೆದರೂ ಉಸಿರು ಎದೆ ತುಂಬುತ್ತಿಲ್ಲ, ಟೆಸ್ಟ್ ಎಲ್ಲ ನಾರ್ಮಲ್. ಇದೇನು?

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೀರಿ. ತಿಂಗಳಿಂದ ಉಸಿರು ಪೂರ್ತಿ ಹೋಗುತ್ತಿಲ್ಲ, ಹತ್ತು ಸಲ ಎಳೆದರೆ ಒಂದು ಸಲ ‘ಹಾಂ, ಸಿಕ್ಕಿತು’ ಅನ್ನಿಸುತ್ತದೆ, ಎಕ್ಸ್‌ರೇ ಮತ್ತು ಇಸಿಜಿ ಸರಿಯಿವೆ, ಆಕ್ಸಿಮೀಟರ್ 98 ತೋರಿಸುತ್ತದೆ ಎಂದು ಬರೆದಿದ್ದೀರಿ. ಅಪ್ಪನ ಕೆರೆ ಸುತ್ತ ಬಿರುಸಾಗಿ ನಡೆದರೂ ಏನೂ ಆಗುವುದಿಲ್ಲ, ಸಂಜೆ ಪುಸ್ತಕ ಹಿಡಿದು ಕೂತರೆ ಶುರು. ನನಗೆ ಆ ರಿಪೋರ್ಟುಗಳಿಗಿಂತ ದೊಡ್ಡ ಸುಳಿವು ಈ ಕೊನೆಯ ಮಾತು. ಹೃದಯವೋ ಶ್ವಾಸಕೋಶವೋ ಕೆಟ್ಟಿದ್ದರೆ ಸಾಮಾನ್ಯವಾಗಿ ನಡೆದಾಗ, ಮೆಟ್ಟಿಲು ಹತ್ತಿದಾಗ ದಮ್ಮು ಹತ್ತುತ್ತದೆ, ಕೂತರೆ ಇಳಿಯುತ್ತದೆ. ನಿಮ್ಮದು ಉಲ್ಟಾ. ನಿಮ್ಮನ್ನು ನೋಡದೆ ಖಾತ್ರಿ ಹೇಳಲಾಗದು, ಆದರೆ ಈ ಚಿತ್ರ ಹೆಚ್ಚಾಗಿ ಗಾಳಿ ಸಾಲದ್ದಲ್ಲ, ಗಾಳಿ ಹೆಚ್ಚಾದದ್ದು.

ಸುಮ್ಮನೆ ಕೂತವರು ಒಂದು ಉಸಿರಿಗೆ ಸುಮಾರು 500 ಮಿಲಿ ಗಾಳಿ ಎಳೆಯುತ್ತಾರೆ, ನಿಮಿಷಕ್ಕೆ 12ರಿಂದ 20 ಸಲ. ಉಸಿರು ಬಿಟ್ಟ ಮೇಲೂ ಒಳಗೆ 2 ಲೀಟರಿಗೂ ಹೆಚ್ಚು ಉಳಿದಿರುತ್ತದೆ. ಐದಾರು ನಿಮಿಷಕ್ಕೊಮ್ಮೆ ನಮಗೆ ಗೊತ್ತಿಲ್ಲದೆ ಒಂದು ನಿಟ್ಟುಸಿರು ಬರುತ್ತದೆ. ಮುಚ್ಚಿಕೊಂಡ ಸಣ್ಣ ಗಾಳಿಗೂಡುಗಳನ್ನು ಬಿಡಿಸುವುದು ಅದರ ಕೆಲಸ. ಅದನ್ನೇ ಬೇಕೆಂದು ನಿಮಿಷಕ್ಕೆ ಎರಡು ಮೂರು ಸಲ ಮಾಡಿದರೆ ಏನಾಗುತ್ತದೆ? ಹಿಂದಿನದನ್ನು ಪೂರ್ತಿ ಬಿಡುವ ಮೊದಲೇ ಮುಂದಿನದನ್ನು ಎಳೆಯುತ್ತೀರಿ. ತುಂಬಿದ ಚೀಲಕ್ಕೆ ಮತ್ತೆ ತೊಗರಿ ಸುರಿದಂತೆ. ಜಾಗವಿಲ್ಲ, ಹಾಗಾಗಿ ‘ಹೋಗುತ್ತಿಲ್ಲ’ ಅನ್ನಿಸುತ್ತದೆ. ಅಷ್ಟರಲ್ಲಿ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದಿರುತ್ತದೆ (ಸಾಮಾನ್ಯ ಮಟ್ಟ 35–45 ಮಿಮೀ ಪಾದರಸ). ಅದು ಇಳಿದರೆ ಮಿದುಳಿನ ರಕ್ತನಾಳ ಕಿರಿದಾಗಿ ತಲೆ ಹಗುರ, ಬೆರಳ ತುದಿಯಲ್ಲಿ, ತುಟಿಯ ಸುತ್ತ ಜುಮ್ಮು. ದಿನಗಟ್ಟಲೆ ಹೀಗೇ ನಡೆದರೆ ದೇಹ ಆ ಕಡಿಮೆ ಮಟ್ಟಕ್ಕೇ ಹೊಂದಿಕೊಂಡುಬಿಡುತ್ತದೆ. ಆಮೇಲೆ ಸರಿಯಾದ ಮಟ್ಟವೇ ಉಸಿರುಗಟ್ಟಿದಂತೆ ಕಾಣುತ್ತದೆ. ಎರಡು ದಿನದ ಅಭ್ಯಾಸಕ್ಕೆ ಇದು ಬಗ್ಗದಿರುವುದು ಅದಕ್ಕೇ. ನಾಲ್ಕಾರು ವಾರ ಬೇಕು.

ಮೊದಲು ಒಂದು ಲೆಕ್ಕ. ನೀವೇ ಎಣಿಸಿದರೆ ಉಸಿರು ಬದಲಾಗುತ್ತದೆ, ಆದ್ದರಿಂದ ನೀವು ಓದುವಾಗ ರೂಮಿನ ಗೆಳೆಯರು ಹೇಳದೆ ಕೇಳದೆ ಪೂರ್ತಿ ಒಂದು ನಿಮಿಷ ಎಣಿಸಲಿ. ಜೊತೆಗೆ 15 ನಿಮಿಷದಲ್ಲಿ ಎಷ್ಟು ನಿಟ್ಟುಸಿರು, ಎಷ್ಟು ಆಕಳಿಕೆ ಎಂದೂ ಬರೆದಿಡಲಿ. ಆಕ್ಸಿಮೀಟರನ್ನು ನಡೆಯುವ ಮುಂಚೆ ಒಮ್ಮೆ, ಆರು ನಿಮಿಷ ಬಿರುಸಾಗಿ ನಡೆದ ತಕ್ಷಣ ಒಮ್ಮೆ ನೋಡಿ. ಉಗುರುಬಣ್ಣ ಇರಬಾರದು, ಬೆರಳು ಬೆಚ್ಚಗಿರಬೇಕು, ಅಂಕಿ ನಿಲ್ಲುವ ತನಕ ಅರ್ಧ ನಿಮಿಷ ಕಾಯಬೇಕು. 4 ಅಥವಾ ಹೆಚ್ಚು ಇಳಿದರೆ ನಾನು ಇಲ್ಲಿ ಹೇಳುತ್ತಿರುವುದು ನಿಮಗಲ್ಲ, ವೈದ್ಯರಲ್ಲಿಗೆ ಹೋಗಿ.

ಇನ್ನು ಅಭ್ಯಾಸ. ಫರಸಿ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಗೊಂದು ತೆಳು ದಿಂಬು. ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕಳ ಮೇಲೆ. ಶುರು ಮಾಡುವುದು ಎಳೆಯುವುದರಿಂದಲ್ಲ, ಬಿಡುವುದರಿಂದ. ಮೂಗಿನಿಂದ ನಿಧಾನಕ್ಕೆ 5–6 ಎಣಿಸುತ್ತ ಬಿಡಿ, ಕೊನೆಯಲ್ಲಿ ಒಂದೆರಡು ಎಣಿಕೆ ಸುಮ್ಮನಿರಿ. ಆಮೇಲೆ ಉಸಿರು ತಾನಾಗಿ ಒಳಗೆ ಬರಲಿ, 3 ಎಣಿಕೆಯಷ್ಟು, ಬೇಕೆನಿಸಿದ್ದಕ್ಕಿಂತ ಸ್ವಲ್ಪ ಕಡಿಮೆಯೇ. ಕೆಳಗಿನ ಕೈ ಏಳಬೇಕು, ಮೇಲಿನದು ಹೆಚ್ಚುಕಡಿಮೆ ಸುಮ್ಮನಿರಬೇಕು. 10 ನಿಮಿಷ, ಬೆಳಿಗ್ಗೆ ಸಂಜೆ. ವಾರದ ನಂತರ ಇದನ್ನೇ ಕುರ್ಚಿಯಲ್ಲಿ, ಆಮೇಲೆ ನಡೆಯುತ್ತ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಹೊಟ್ಟೆಯನ್ನು ಬೇಕೆಂದೇ ಹೊರಗೆ ದಬ್ಬಿ ದೊಡ್ಡ ಉಸಿರು ಎಳೆದು. ಹೊಟ್ಟೆಯಿಂದ ಎಳೆದರೂ ಹೆಚ್ಚಾದದ್ದು ಹೆಚ್ಚೇ. ಅಭ್ಯಾಸದಲ್ಲಿ ತಲೆ ತಿರುಗಿದರೆ ಉಸಿರು ದೊಡ್ಡದಾಯಿತು ಎಂದರ್ಥ, ಸಣ್ಣದು ಮಾಡಿ. ಸ್ವಲ್ಪ ಗಾಳಿ ಬೇಕು ಅನ್ನಿಸುತ್ತಿದ್ದರೆ ಸರಿಯಾಗಿದೆ. ಆ ಕೊರತೆಯನ್ನು ತಡೆದುಕೊಳ್ಳುವುದೇ ಇಲ್ಲಿ ಕಲಿಯುವ ವಿದ್ಯೆ.

ಓದುವಾಗ ‘ಒಂದು ದೊಡ್ಡದು ಎಳೆಯಲೇಬೇಕು’ ಎಂಬ ತಹತಹ ಬಂದರೆ ಒಮ್ಮೆ ಉಗುಳು ನುಂಗಿ, ಉಸಿರು ಬಿಟ್ಟು, 3–4 ಎಣಿಕೆ ತಡೆದು, ಮೂಗಿನಿಂದ ಸಣ್ಣ ಉಸಿರು. ಆಕಳಿಕೆ ಬಂದರೂ ಬಾಯಿ ಮುಚ್ಚಿಯೇ. ಸೋತು ಒಂದು ನಿಟ್ಟುಸಿರು ಎಳೆದುಬಿಟ್ಟಿರಾ? ಮುಂದಿನ ಎರಡು ಉಸಿರು ಸಣ್ಣದು ಮಾಡಿ ಸರಿದೂಗಿಸಿ. ಟೇಬಲ್ ಫ್ಯಾನನ್ನು ಮುಖಕ್ಕೆ ನೇರ ಇಟ್ಟುಕೊಳ್ಳಿ. ಮೂಗು ಕೆನ್ನೆಗೆ ತಂಗಾಳಿ ತಾಗಿದರೆ ದಮ್ಮಿನ ಭಾವನೆ ಇಳಿಯುತ್ತದೆ. ಕಾಗದದ ಚೀಲದಲ್ಲಿ ಉಸಿರಾಡುವ ಸಿನಿಮಾ ಉಪಾಯ ಮಾತ್ರ ಬೇಡ. ಅಸ್ತಮಾನೋ ಹೃದಯದ ತೊಂದರೆಯೋ ಇದ್ದವರಿಗೆ ಅದು ಅಪಾಯ.

ಪ್ರಾಣಾಯಾಮ ಕೇಳಿದ್ದೀರಿ. ಭಸ್ತ್ರಿಕಾ, ಕಪಾಲಭಾತಿ ಸದ್ಯಕ್ಕೆ ನಿಲ್ಲಿಸಿ. ಅವು ಇದೇ ಬೆಂಕಿಗೆ ತುಪ್ಪ. ಭ್ರಾಮರಿ ಆಗಬಹುದು, ಗುಂಯ್‌ಗುಡುತ್ತ ಉದ್ದಕ್ಕೆ ಬಿಡುವುದೇ ಅದರ ಲಾಭ.

ಊಟದ ಕಡೆ ಒಂದು ಮಾತು. ಮಿರ್ಚಿ ಭಜಿ, ಮೇಲೊಂದು ಸೋಡಾ, ಆಮೇಲೆ ಬಾಗಿ ಕೂತು ಓದು: ಉಬ್ಬಿದ ಹೊಟ್ಟೆ ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಬಿಡುವುದಿಲ್ಲ. ಬಿಗಿ ಬೆಲ್ಟು, ಬಿಗಿ ಲಾಡಿಯೂ ಅಷ್ಟೇ. ಚಹಾ ದಿನಕ್ಕೆ ಆರೇಳಾಗಿದ್ದರೆ ಎರಡಕ್ಕಿಳಿಸಿ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಕೂಲರ್ ಹಾಕಿದರೆ ರೂಮು ತೇವದಿಂದ ಬಿಗಿಯುತ್ತದೆ, ಕಿಟಕಿ ತೆರೆದಿರಬೇಕು.

ತೊಗರಿ ಧೂಳಿನಿಂದಲೇ ಎಂದು ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ರಾಶಿ ಕಾಲದಲ್ಲಿ, ದಾಲ್ ಮಿಲ್ಲಿನ ಹತ್ತಿರ ಅಸ್ತಮಾ ಕೆರಳಬಹುದು. ಆದರೆ ಅಸ್ತಮಾದಲ್ಲಿ ಕೆಮ್ಮು, ಸಿಳ್ಳೆ ಸದ್ದು, ನಸುಕಿನಲ್ಲಿ ಎಚ್ಚರವಾಗುವುದು ಇರುತ್ತದೆ, ಎಕ್ಸ್‌ರೇ ಸರಿಯಾಗಿಯೇ ಇರಬಹುದು. ಇಂಥ ಸುಳಿವು ಒಂದಿದ್ದರೂ ಸ್ಪೈರೊಮೆಟ್ರಿ (ಕೊಳವೆಗೆ ಊದಿಸಿ ಗಾಳಿ ಅಳೆಯುವ ಪರೀಕ್ಷೆ) ಮಾಡಿಸಿ, ಔಷಧಿ ಎಳೆಯುವ ಮೊದಲು ಮತ್ತು ನಂತರ. ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಔಷಧಿಯ ನಂತರ 12 ಶೇಕಡಾ ಮತ್ತು 200 ಮಿಲಿ, ಎರಡೂ ಏರಿದರೆ ಅಸ್ತಮಾ ಕಡೆ ತೂಗುತ್ತದೆ. ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದವರು, ವರ್ಷಗಟ್ಟಲೆ ಬೀಡಿ ಸೇದಿದವರು, ಒಲೆ ಹೊಗೆ ಕುಡಿದವರು ಈ ಉತ್ತರ ಓದಿ ಸಮಾಧಾನವಾಗಬೇಡಿ, ನಿಮ್ಮ ಲೆಕ್ಕ ಬೇರೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಬಿಟ್ಟುಹೋಗಿದ್ದರೆ ಮಾಡಿಸಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, ಅದಕ್ಕೆ ಉಸಿರಿನ ಅಭ್ಯಾಸ ಔಷಧಿಯಲ್ಲ.

ಹಠಾತ್ತನೆ ದಮ್ಮು ಹತ್ತಿ ಎದೆನೋವು, ಕೆಮ್ಮಿದರೆ ರಕ್ತ, ಒಂದೇ ಕಾಲು ಊದಿಕೊಳ್ಳುವುದು, ತುಟಿ ನೀಲಿ, ಮಲಗಿದರೆ ಉಸಿರುಗಟ್ಟಿ ಎದ್ದು ಕೂರುವಂತಾಗುವುದು, ಮಾತು ಮುಗಿಸಲಾಗದಷ್ಟು ಏದುಸಿರು, ಆಕ್ಸಿಮೀಟರ್ 92ಕ್ಕಿಂತ ಕೆಳಗೆ: ಇವುಗಳಲ್ಲಿ ಒಂದಾದರೂ ಎಣಿಕೆ ಗಿಣಿಕೆ ಬಿಟ್ಟು 108ಕ್ಕೆ ಕರೆ ಮಾಡಿ. ಹೃದಯಕ್ಕೆ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಬೀದರ್, ಯಾದಗಿರಿಯವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ. ಉಸಿರಿಗಿಂತ ಪರೀಕ್ಷೆಯ ಭಯವೇ ಹೆಚ್ಚಾಗಿ ಒತ್ತುತ್ತಿದೆ ಅನ್ನಿಸಿದರೆ 14416, ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವೈದ್ಯರ ಹತ್ತಿರ ಹೋದಾಗ ‘ದಮ್ಮು’ ಎಂದಷ್ಟೇ ಹೇಳಬೇಡಿ, ‘ನಡೆದರೆ ಇಲ್ಲ, ಕೂತರೆ ಇದೆ’ ಎಂದು ಹೇಳಿ, ಗೆಳೆಯರು ಬರೆದಿಟ್ಟ ಆ ಲೆಕ್ಕದ ಚೀಟಿ ಮುಂದಿಡಿ.