ಯೂನಿಟ್ ದರ ಇಳಿದರೂ ಬಿಲ್ ಯಾಕೆ ಏರಿತು?

ಹಾಸನದ ಓದುಗರೊಬ್ಬರು ಎರಡು ಕರೆಂಟ್ ಬಿಲ್‌ಗಳ ಜೆರಾಕ್ಸ್ ಜೊತೆ ಪತ್ರ ಕಳಿಸಿದ್ದಾರೆ. 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 10 ಪೈಸೆ ಇಳಿಕೆ ಅಂತ ಪತ್ರಿಕೆಗಳಲ್ಲಿ ಬಂತು. ಆದರೆ ಮನೆ ಬಿಲ್ ಏರಿದೆ, ಅಂಗಡಿ ಬಿಲ್ ಮಾತ್ರ ಇಳಿದಿದೆ. "ಮೀಟರ್‌ನಲ್ಲೇ ಏನೋ ಮೋಸ ಇದೆ ಅಲ್ವಾ?" ಎಂದು ಕೇಳಿದ್ದಾರೆ.

ಮೀಟರ್ ಮೇಲೆ ಅನುಮಾನ ಬೇಡ ಸ್ವಾಮಿ. ಇಳಿಕೆ ನಿಜ, ಏರಿಕೆಯೂ ನಿಜ. ಯೂನಿಟ್ ದರ 5.90ರಿಂದ 5.80 ರೂಪಾಯಿಗೆ ಇಳಿಯಿತು. ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗದ ಅದೇ ಆದೇಶದಲ್ಲಿ ಮನೆಗಳ ನಿಗದಿತ ಶುಲ್ಕ, ಅಂದರೆ ಬಳಸಿದರೂ ಬಳಸದಿದ್ದರೂ ಮಂಜೂರಾದ ಲೋಡ್‌ಗೆ ಕಟ್ಟುವ ಹಣ, ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿ ಆಯಿತು. ಜೊತೆಗೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆಯ ಸರ್‌ಚಾರ್ಜ್ ಬಂತು. ಹತ್ತು ಪೈಸೆ ಕೊಟ್ಟು ಮೂವತ್ತಾರು ಪೈಸೆ ತೆಗೆದುಕೊಂಡ ಹಾಗಾಯಿತು.

2025-26ರ ದರದಲ್ಲಿ ನಿಮ್ಮ ಮನೆಯದೇ ಲೆಕ್ಕ ಹಾಕೋಣ. 3 ಕಿಲೋವ್ಯಾಟ್ ಲೋಡ್, ತಿಂಗಳಿಗೆ 250 ಯೂನಿಟ್. 200 ದಾಟಿದ್ದರಿಂದ ಗೃಹಜ್ಯೋತಿ ಸಿಗುವುದಿಲ್ಲ, ಪೂರ್ತಿ ಬಿಲ್ ನಿಮ್ಮದೇ. ಯೂನಿಟ್‌ಗಳಿಗೆ 1,450, ನಿಗದಿತ ಶುಲ್ಕ 435, ಪಿಂಚಣಿ ಸರ್‌ಚಾರ್ಜ್ 90, ಯೂನಿಟ್‌ಗಳ ಹಣದ ಮೇಲೆ ಶೇ 9ರ ತೆರಿಗೆ ಸುಮಾರು 130. ಒಟ್ಟು 2,105 ರೂಪಾಯಿ. ಹಿಂದಿನ ವರ್ಷದ ದರದಲ್ಲಿ ಇದೇ ಬಳಕೆಗೆ 1,968 ರೂಪಾಯಿ ಆಗುತ್ತಿತ್ತು. ಕರೆಂಟ್ ಕೊಳ್ಳುವ ಖರ್ಚಿನ ಏರಿಳಿತಕ್ಕೆ ತಕ್ಕಂತೆ ಹಾಕುವ ಇಂಧನ ಹೊಂದಾಣಿಕೆ ಶುಲ್ಕ ಪ್ರತಿ ತಿಂಗಳೂ ಬದಲಾಗುತ್ತದೆ, ಕೆಲವು ಸಲ ಮೈನಸ್ಸೂ ಆಗುತ್ತದೆ. ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಅದಕ್ಕೂ ಹಿಂದಿನ ವರ್ಷ ನೋಡಿದರೆ ಸ್ವಲ್ಪ ಸಮಾಧಾನ ಆಗಬಹುದು. 2023-24ರಲ್ಲಿ ಬಳಕೆ 100 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ 7 ರೂಪಾಯಿ ಬೀಳುತ್ತಿತ್ತು. ಆಗ ಇದೇ ಬಿಲ್ 2,237 ರೂಪಾಯಿ. 2024ರಲ್ಲಿ ಆಯೋಗ ಆ ಸ್ಲ್ಯಾಬ್‌ಗಳನ್ನೇ ತೆಗೆದು ಎಲ್ಲ ಮನೆಗಳಿಗೂ 5.90 ಮಾಡಿತು. ಜಾಸ್ತಿ ಬಳಸುವವರಿಗೆ ಅದು ಲಾಭವಾಯಿತು.

ಇನ್ನು ಅಂಗಡಿಯ ಬಿಲ್. 2025ರ ಅದೇ ಆದೇಶದಲ್ಲಿ ವಾಣಿಜ್ಯ ಯೂನಿಟ್ ದರ 8 ರೂಪಾಯಿಯಿಂದ 7ಕ್ಕೆ ಬಂತು. 36 ಪೈಸೆ ಕಳೆದರೂ ಉಳಿತಾಯ ಕಾಣುತ್ತದೆ. ಇದು ವ್ಯಾಪಾರಿಗಳ ಮೇಲಿನ ಪ್ರೀತಿಯಲ್ಲ. ಬಹಳ ವರ್ಷಗಳಿಂದ ಅಂಗಡಿ, ಕಾರ್ಖಾನೆಗಳಿಂದ ಹೆಚ್ಚು ವಸೂಲಿ ಮಾಡಿ ಮನೆ, ಪಂಪ್‌ಸೆಟ್‌ಗಳ ದರ ತಗ್ಗಿಸಿಕೊಂಡು ಬಂದರು. ಈ ಅಡ್ಡ ಸಬ್ಸಿಡಿ ಕಡಿಮೆಯಾಗುತ್ತಾ ಹೋಗಬೇಕು ಎಂಬುದು 2003ರ ವಿದ್ಯುತ್ ಕಾಯ್ದೆಯ ಆಶಯ. ಅಷ್ಟರಲ್ಲಿ ದೊಡ್ಡ ಗಿರಾಕಿಗಳು ಚಾವಣಿ ಮೇಲೆ ಸೋಲಾರ್ ಹಾಕಿಸಿಕೊಂಡರು. ಕೆಲವರು ಖಾಸಗಿ ಗಾಳಿ ವಿದ್ಯುತ್, ಸೌರ ವಿದ್ಯುತ್ ಕೊಳ್ಳತೊಡಗಿದರು. ಹೆಚ್ಚು ಕಾಸು ಕೊಡುವ ಗಿರಾಕಿಯೇ ಕೈಬಿಟ್ಟರೆ ವಿದ್ಯುತ್ ವಿತರಣಾ ಕಂಪನಿಗೆ ಕಷ್ಟ. ಅವರನ್ನು ಉಳಿಸಿಕೊಳ್ಳಬೇಕಾದರೆ ದರ ಇಳಿಸಲೇಬೇಕು.

ಮನೆಗಳ ನಿಗದಿತ ಶುಲ್ಕ ಏರುವುದಕ್ಕೆ ಕಂಪನಿಗಳು ಕೊಡುವ ಕಾರಣ ಸುಳ್ಳಲ್ಲ. ನೀವು ಸ್ವಿಚ್ ಹಾಕಿ, ಬಿಡಿ, ಲೈನು, ಟ್ರಾನ್ಸ್‌ಫಾರ್ಮರ್, ಸಂಬಳದ ಖರ್ಚು ನಿಲ್ಲುವುದಿಲ್ಲ. ಕರೆಂಟ್ ಕೊಳ್ಳದಿದ್ದರೂ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಒಪ್ಪಂದದ ಪ್ರಕಾರ ಕಟ್ಟಬೇಕಾದ ಹಣವೂ ಇದೆ. ಆದರೆ ಈ ದಾರಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಯೂನಿಟ್ ದರ ಇಳಿಸಿ ನಿಗದಿತ ಶುಲ್ಕ ಏರಿಸಿದರೆ ಲೈಟ್ ಆರಿಸಿ ಉಳಿಸುವವನಿಗೆ ಏನು ಸಿಕ್ಕಿತು? ಪಿಂಚಣಿ ನೌಕರರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಹಳೆಯ ವಿದ್ಯುತ್ ಮಂಡಳಿ ಕಾಲದ ಆ ಹೊಣೆಯನ್ನು ಇವತ್ತಿನ ಗ್ರಾಹಕನ ಬಿಲ್‌ಗೆ ಅಂಟಿಸಿದ್ದು ಮಾತ್ರ ಸರಿ ಕಾಣುವುದಿಲ್ಲ.

ಬೀಗ ಹಾಕಿರುವ ಊರ ಮನೆಗೂ ಬಿಲ್ ಬರುತ್ತಿದೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಅಲ್ಲಿಯೂ 3 ಕಿಲೋವ್ಯಾಟ್ ಮಂಜೂರಾಗಿದೆ. 2025-26ರ ದರದಲ್ಲಿ ಒಂದು ಬಲ್ಬ್ ಉರಿಯದಿದ್ದರೂ ತಿಂಗಳಿಗೆ 435 ರೂಪಾಯಿ. 2026-27ಕ್ಕೆ ಕಿಲೋವ್ಯಾಟ್‌ಗೆ 150, 2027-28ಕ್ಕೆ 160 ಎಂದು ಆಯೋಗ ಆ ಆದೇಶದಲ್ಲೇ ಹೇಳಿಟ್ಟಿದೆ. ಸುಮ್ನೆ ಕಟ್ಟುತ್ತಾ ಕೂರಬೇಡಿ. ಬಿಲ್ ಮೇಲಿರುವ ಆರ್.ಆರ್. ನಂಬರ್ ಹಿಡಿದು ಉಪವಿಭಾಗದ ಕಚೇರಿಗೆ ಹೋಗಿ, ಲೋಡ್ ಕಡಿಮೆ ಮಾಡಿಸಲು ಅರ್ಜಿ ಕೊಡಿ. 1 ಕಿಲೋವ್ಯಾಟ್‌ಗೆ ಇಳಿದರೆ 145ರ ದರದಲ್ಲಿ ತಿಂಗಳಿಗೆ 290 ರೂಪಾಯಿ ಉಳಿಯುತ್ತದೆ. ಆದರೆ ಮನೆಯಲ್ಲಿ ಗೀಸರ್ ಇದ್ದರೆ ಯೋಚನೆ ಮಾಡಿ. ಹಬ್ಬಕ್ಕೆ ಹೋದವರು ಅದನ್ನು ಹಾಕಿದರೆ ಲೋಡ್ ಮಂಜೂರಾತಿ ಮೀರುತ್ತದೆ, ಮೀಟರ್ ಅದನ್ನು ದಾಖಲಿಸುತ್ತದೆ, ಆ ತಿಂಗಳು ದಂಡ ಕಟ್ಟಬೇಕಾಗುತ್ತದೆ.

— ಸಂಪಾದಕ