ಧಾರವಾಡ ಸರಿ, ಹುಬ್ಬಳ್ಳಿಯ ಒತ್ತು ಮಾತ್ರ ಕಟ್!

ಪ್ರಶ್ನೆ: ಗದಗದಾಗ ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ ಮಾದರಿ ತೋರಸಾಕ ಈಗ ಒಂದು ವೆಬ್‌ಸೈಟ್ ಮಾಡಿಸೇವಿ. ಮಾಡಿಕೊಟ್ಟ ಹುಡುಗ ಅವನ ಮ್ಯಾಕ್‌ಬುಕ್‌ನ್ಯಾಗ ತೋರಿಸಿದಾಗ ಅಕ್ಷರ ಮುತ್ತು ಪೋಣಿಸಿದಂಗ ಇದ್ದವು. ನಮ್ಮ ಕೌಂಟರಿನ ವಿಂಡೋಸ್ ಕಂಪ್ಯೂಟರಿನ್ಯಾಗ ಅವೇ ಅಕ್ಷರ ನಾಕು ದಿನ ಉಪವಾಸ ಇದ್ದಂಗ ಕಾಣತಾವ. ಶೀರ್ಷಿಕೆಯೊಳಗ ‘ಧಾರವಾಡ’ ಸರಿ ಬರತದ, ‘ಹುಬ್ಬಳ್ಳಿ’ಯ ಒತ್ತು ಅರ್ಧಕ್ಕ ಕಟ್ ಆಗತಾವ. ಗಿರಾಕಿಯ ಮೊಬೈಲಿನ್ಯಾಗ ನೋಡಿದ್ರ ಫಾಂಟೇ ಬ್ಯಾರೆ! ಹುಡುಗನ್ನ ಕೇಳಿದ್ರ ‘ನನ್ನ ಕಡೆ ಎಲ್ಲಾ ಬರೋಬರಿ ಐತ್ರಿ’ ಅಂತಾನ. ತಪ್ಪು ಯಾರದು?

ಉತ್ತರ: ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಕಡೆ ಬರೋಬರಿಯೇ ಇದೆ, ಬೇರೆ ಕಡೆ ಅವನು ತೆರೆದು ನೋಡಿಲ್ಲ ಅಷ್ಟೇ.

ಮುದ್ರಣಕಾಶಿ ಎನಿಸಿಕೊಂಡ ಊರಿನವರು ನೀವು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಪ್ರೆಸ್ಸಿನಲ್ಲಿ ಪ್ಲೇಟ್ ಆದ ಮೇಲೆ ಅಕ್ಷರದ ಆಕಾರ ಮುಗಿಯಿತು. ಮೊದಲನೇ ಪ್ರತಿ ಹೇಗೋ ಸಾವಿರದನೇ ಪ್ರತಿಯೂ ಹಾಗೇ. ವೆಬ್ ಫಾಂಟ್ ಹಾಗಲ್ಲ. ಇಲ್ಲಿ ನೀವು ಗಿರಾಕಿಗೆ ಕಳಿಸುವುದು ಅಚ್ಚಾದ ಹಾಳೆಯಲ್ಲ, ಅಚ್ಚುಮೊಳೆಗಳ ಪೆಟ್ಟಿಗೆ. ಅದನ್ನು ಜೋಡಿಸುವ ಕಂಪೋಜಿಟರ್ ಗಿರಾಕಿಯ ಬ್ರೌಸರಿನೊಳಗೆ ಕೂತಿದ್ದಾನೆ, ಶಾಯಿ ಹಚ್ಚುವವನು ಅವರ ಆಪರೇಟಿಂಗ್ ಸಿಸ್ಟಂನೊಳಗೆ. ಮನೆಗೊಬ್ಬ ಕಂಪೋಜಿಟರ್, ಮನೆಗೊಂದು ಶಾಯಿ. ಪೆಟ್ಟಿಗೆ ದಾರಿಯಲ್ಲೇ ಕಳೆದುಹೋದರಂತೂ ಅವರ ಮನೆಯಲ್ಲಿದ್ದ ಹಳೆ ಮೊಳೆಯನ್ನೇ ಬಳಸುತ್ತಾರೆ.

ಮೊದಲು ಈ ಕೊನೆಯದನ್ನೇ ಪರೀಕ್ಷಿಸಿ. ಮೊಬೈಲಿನಲ್ಲಿ ‘ಫಾಂಟೇ ಬೇರೆ’ ಎಂದಿರಲ್ಲ, ನನ್ನ ಅನುಮಾನ ಅಲ್ಲಿಯೇ ಇದೆ. ಹುಡುಗ ಆ ಫಾಂಟನ್ನು ತನ್ನ ಮ್ಯಾಕ್‌ನಲ್ಲಿ ಇನ್‌ಸ್ಟಾಲ್ ಮಾಡಿಕೊಂಡಿರಬಹುದು. ಸೈಟ್ ಫಾಂಟಿನ ಹೆಸರು ಕರೆದಾಗ ಅವನಲ್ಲಿ ಅದು ಓಗೊಡುತ್ತದೆ, ಗಿರಾಕಿಯ ಮೊಬೈಲಿನಲ್ಲಿ ಓಗೊಡುವವರಿಲ್ಲ. ಫೈಲನ್ನು ಬೇರೆ ಸರ್ವರಿನಲ್ಲಿ ಇಟ್ಟು ಅಲ್ಲಿ ‘ಈ ಸೈಟು ಬಳಸಬಹುದು’ ಎಂಬ ಅನುಮತಿಯ ಸೂಚನೆ (ಹೆಡರ್) ಹಾಕದಿದ್ದರೂ ಬ್ರೌಸರ್ ಮಾತಾಡದೆ ಫಾಂಟನ್ನು ಬಿಟ್ಟುಬಿಡುತ್ತದೆ. ಇನ್ನೊಂದು, ನಾನು ಮೇಲಿಂದ ಮೇಲೆ ನೋಡುವ ತಪ್ಪು: ಆರಿಸಿದ ಫಾಂಟಿನಲ್ಲಿ ಕನ್ನಡವೇ ಇರುವುದಿಲ್ಲ. ಪಾಪಿನ್ಸ್ ಎಂಬ ಬಲು ಜನಪ್ರಿಯ ಫಾಂಟಿನಲ್ಲಿ ಇಂಗ್ಲಿಷ್ ಇದೆ, ದೇವನಾಗರಿಯೂ ಇದೆ, ಕನ್ನಡ ಇಲ್ಲ. ಇಂಗ್ಲಿಷ್ ಅಂದವಾಗಿ ಬರುತ್ತದೆ, ಕನ್ನಡದ ಪಾಲಿಗೆ ಬ್ರೌಸರ್ ಸಿಸ್ಟಂ ಫಾಂಟನ್ನು ಹುಡುಕಿಕೊಂಡು ಹೋಗುತ್ತದೆ. ವಿಂಡೋಸ್ 8ರಿಂದೀಚೆಗೆ ಅದು ಸಾಮಾನ್ಯವಾಗಿ ನಿರ್ಮಲಾ ಯುಐ, ಅದಕ್ಕೂ ಹಿಂದೆ ತುಂಗಾ. ಮ್ಯಾಕ್‌ನಲ್ಲಿ ಆಪಲ್ ಒದಗಿಸಿದ ಕನ್ನಡ ಫಾಂಟ್, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ. ಯಂತ್ರ ಬದಲಾದರೆ ಮುಖವೂ ಬದಲಾಗಬಹುದು.

ಖಾತ್ರಿ ಮಾಡಿಕೊಳ್ಳಲು ಒಂದು ನಿಮಿಷ ಸಾಕು. ಕೌಂಟರಿನ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು, ಕನ್ನಡ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿ. ‘ಕಂಪ್ಯೂಟೆಡ್’ ಎಂಬ ಭಾಗದ ತಳಕ್ಕೆ ಹೋದರೆ ‘ರೆಂಡರ್ಡ್ ಫಾಂಟ್ಸ್’ ಎಂದು ನಿಜವಾಗಿ ಬಳಕೆಯಾದ ಫಾಂಟಿನ ಹೆಸರು ಇರುತ್ತದೆ. ಅಲ್ಲಿ ನಿರ್ಮಲಾ ಎಂದು ಕಂಡರೆ ಮಿಕ್ಕ ಯಾವ ಚರ್ಚೆಯೂ ಬೇಡ, ಹುಡುಗನಿಗೆ ಫೋನ್ ಮಾಡಿ.

ಈಗ ಒತ್ತಿನ ವಿಷಯ. ಇದು ನನಗೆ ಬಹಳ ಪ್ರೀತಿಯ ಪ್ರಶ್ನೆ, ಯಾಕೆಂದರೆ ನಮ್ಮ ಅವಳಿ ನಗರದ ಹೆಸರೇ ಇದಕ್ಕೆ ಪರೀಕ್ಷೆ. ‘ಧಾರವಾಡ’ ಎಂಬಲ್ಲಿ ಒಂದೂ ಒತ್ತಕ್ಷರ ಇಲ್ಲ, ಎಲ್ಲವೂ ಗೆರೆಯ ಮೇಲೆ ಕೂರುತ್ತವೆ. ‘ಹುಬ್ಬಳ್ಳಿ’ಯಲ್ಲಿ ಬ ಒತ್ತು, ಳ ಒತ್ತು ಎರಡೂ ಕೆಳಗೆ ಜೋತುಬೀಳುತ್ತವೆ. ನಿಮ್ಮ ಜಿಲ್ಲೆಯ ‘ಲಕ್ಷ್ಮೇಶ್ವರ’ ಇನ್ನೂ ಘಾಟಿ: ಕ್ಷ ಆದಮೇಲೆ ಮ ಒತ್ತು, ಮುಂದೆ ವ ಒತ್ತು. ವೆಬ್ ಟೆಂಪ್ಲೇಟ್‌ಗಳನ್ನು ಇಂಗ್ಲಿಷ್ ಕಣ್ಣಿಟ್ಟುಕೊಂಡು ಹೊಲಿದಿರುತ್ತಾರೆ, ಅಲ್ಲಿ ಕೆಳಗೆ ಬಾಲ ಬಿಡುವ ಅಕ್ಷರ ಕಡಿಮೆ, ಬಾಲವೂ ಗಿಡ್ಡ. ಹಾಗಾಗಿ ಶೀರ್ಷಿಕೆಗೆ ಲೈನ್-ಹೈಟ್ 1.1 ಎಂದು ಬಿಗಿಯುತ್ತಾರೆ. 28 ಪಿಕ್ಸೆಲ್ ಅಕ್ಷರಕ್ಕೆ ಸಾಲಿನ ಎತ್ತರ 30.8 ಪಿಕ್ಸೆಲ್. ಅದರಲ್ಲಿ ಮೇಲೆ ಇಕಾರದ ಗುಡಿಸು, ಕೆಳಗೆ ಒತ್ತು, ಎಲ್ಲಾ ಹಿಡಿಸಬೇಕು. ಹಿಡಿಸದೆ ಹೊರಬಂದದ್ದನ್ನು ‘ಓವರ್‌ಫ್ಲೋ: ಹಿಡನ್’ ಎಂಬ ಸೂಚನೆ ಕತ್ತರಿಸಿ ಹಾಕುತ್ತದೆ.

ಹಾಗಿದ್ದರೆ ಮ್ಯಾಕ್‌ನಲ್ಲಿ ಯಾಕೆ ಕಟ್ ಆಗಲಿಲ್ಲ? ಫಾಂಟ್ ಫೈಲಿನೊಳಗೆ ಅಕ್ಷರದ ಮೇಲ್ಮಿತಿ, ಕೆಳಮಿತಿ ಹೇಳುವ ಅಳತೆ ಒಂದಲ್ಲ, ಮೂರು ಜೋಡಿ ಇರುತ್ತವೆ. ಮ್ಯಾಕ್ ಒಂದು ಜೋಡಿಯನ್ನು ಓದುತ್ತದೆ, ವಿಂಡೋಸ್ ಸಾಮಾನ್ಯವಾಗಿ ಇನ್ನೊಂದನ್ನು. ಫಾಂಟ್ ಮಾಡಿದವರು ಮೂರನ್ನೂ ತಾಳೆ ಹಾಕಿದ್ದರೆ ತಕರಾರಿಲ್ಲ. ಹಾಕದಿದ್ದರೆ ಅದೇ ಸಾಲು ಒಂದು ಕಡೆ ಎರಡು ಪಿಕ್ಸೆಲ್ ಮೇಲೆ, ಇನ್ನೊಂದು ಕಡೆ ಕೆಳಗೆ ಕೂರುತ್ತದೆ. ಮ್ಯಾಕ್‌ನಲ್ಲಿ ಒತ್ತು ಕೂದಲೆಳೆಯಲ್ಲಿ ಪಾರಾಗಿದೆ, ನಿಮ್ಮಲ್ಲಿ ಕತ್ತರಿಗೆ ಸಿಕ್ಕಿದೆ. ಕನ್ನಡ ಶೀರ್ಷಿಕೆಗೆ ಲೈನ್-ಹೈಟ್ 1.5, ಪಠ್ಯಕ್ಕೆ 1.7ರ ಆಸುಪಾಸು ಇಡಲು ಹೇಳಿ. ಆ ‘ಹಿಡನ್’ ತೆಗೆಸಿ, ತೆಗೆಯಲೇ ಆಗದಿದ್ದರೆ ಕೆಳಗಡೆ ನಾಲ್ಕಾರು ಪಿಕ್ಸೆಲ್ ಖಾಲಿ ಜಾಗ (ಪ್ಯಾಡಿಂಗ್) ಕೊಡಿಸಿ. ಜಾಗ ದಂಡ ಎಂದು ಡಿಸೈನರ್‌ಗಳು ಗೊಣಗುತ್ತಾರೆ. ಗೊಣಗಲಿ.

ಉಳಿದದ್ದು ಉಪವಾಸ ಬಿದ್ದ ಅಕ್ಷರ. ಇದು ಶಾಯಿಯವನ ಕೆಲಸ. ಮ್ಯಾಕ್ ವಿನ್ಯಾಸಕಾರ ಬರೆದ ಆಕಾರಕ್ಕೆ ನಿಷ್ಠ, ಗೆರೆಗಳನ್ನು ತುಸು ದಪ್ಪವಾಗಿಯೇ ತುಂಬುತ್ತದೆ, ಜೊತೆಗೆ ಮ್ಯಾಕ್‌ಬುಕ್ ಪರದೆಯಲ್ಲಿ ಪಿಕ್ಸೆಲ್‌ಗಳು ಬಲು ಒತ್ತಾಗಿವೆ. ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ತುಣುಕುಗಳನ್ನು ಬೇರೆ ಬೇರೆ ಬಳಸಿ ಅಂಚು ನುಣುಪು ಮಾಡುವ ಪದ್ಧತಿಯನ್ನು ಆಪಲ್ 2018ರ ಮೊಹಾವಿ ಎಂಬ ಮ್ಯಾಕ್ ಆವೃತ್ತಿಯಲ್ಲೇ ಕೈಬಿಟ್ಟಿತು. ವಿಂಡೋಸ್‌ನ ಕ್ಲಿಯರ್‌ಟೈಪ್ ಇಂದಿಗೂ ಆ ಪದ್ಧತಿಯದೇ. ಕ್ರೋಮ್ 2014ರಲ್ಲಿ, 37ನೇ ಆವೃತ್ತಿಯಿಂದ, ವಿಂಡೋಸ್‌ನ ಡೈರೆಕ್ಟ್‌ರೈಟ್ ವ್ಯವಸ್ಥೆಗೆ ಬಂದ ಮೇಲೆ ಎಷ್ಟೋ ಸುಧಾರಿಸಿದೆ. ಆದರೂ ಕೌಂಟರಿನ 1366×768 ಮಾನಿಟರಿನಲ್ಲಿ 14 ಪಿಕ್ಸೆಲ್‌ನ ಕನ್ನಡ ಎಂದರೆ ಎಳೆಯ ದಪ್ಪ ಒಂದು ಪಿಕ್ಸೆಲ್ ಆಚೀಚೆ. ಕನ್ನಡದಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ, ಎಲ್ಲಾ ದುಂಡು. ದುಂಡು ಗೆರೆ ಪಿಕ್ಸೆಲ್‌ಗಳ ಮಧ್ಯೆ ಹಂಚಿಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಗಾತ್ರವನ್ನು 17 ಅಥವಾ 18ಕ್ಕೆ ಏರಿಸಿ, ಅನೇಕ್ ಕನ್ನಡದಂತೆ ಹಲವು ತೂಕ (ಗೆರೆಯ ದಪ್ಪ) ಇರುವ ಫಾಂಟ್ ಆಗಿದ್ದರೆ 500ರ ತೂಕ ಕೊಡಿ. ‘ಫಾಂಟ್-ಸ್ಮೂದಿಂಗ್’ ಎಂಬ ಸಾಲನ್ನು ಹಾಕಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಮ್ಯಾಕ್‌ಗೆ ಮಾತ್ರ ಕೇಳಿಸುವ ಮಾತು, ಅಲ್ಲೂ ಅಕ್ಷರವನ್ನು ತೆಳ್ಳಗೆ ಮಾಡುತ್ತದೆಯೇ ಹೊರತು ದಪ್ಪ ಮಾಡುವುದಿಲ್ಲ.

ಹಾಂ, ಒಂದು ಮಾತು. ಪ್ರೆಸ್ಸಿನ ಹಳೆ ಲಗ್ನಪತ್ರಿಕೆಯ ಮಜಕೂರನ್ನು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆ ಆಸ್ಕಿ ಫಾಂಟಿನಿಂದ ಹಾಗೇ ಅಂಟಿಸಿದ್ದರೆ ಯಾವ ಬ್ರೌಸರೂ ಕಾಪಾಡದು. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದ್ದು ನಡುವೆ ಪೌಂಡ್ ಚಿಹ್ನೆ ಸಿಕ್ಕಿಸಿಕೊಂಡ ಗೋಜಲಾಗಿ ಕಾಣಿಸುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಅಂಟಿಸಿ.

ಪ್ರಶ್ನೆ: ಹಾವೇರಿ ಜಿಲ್ಲೆಯವನು, ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ. ನಮ್ಮ ಪುಟಕ್ಕೆ ಊರಿನ ಅಭಿಮಾನದಿಂದ ಗೂಗಲ್ ಫಾಂಟ್ಸ್‌ನ ‘ಹುಬ್ಬಳ್ಳಿ’ ಫಾಂಟ್ ಹಾಕಿಸಿದ್ದೇನೆ. ಸಣ್ಣಕ್ಷರ ಚಂದ. ‘ಡಬ್ಬಿ’, ‘ಕಡ್ಡಿ’ ಎಂಬ ಮೆಣಸಿನಕಾಯಿ ಬಗೆಗಳ ದಪ್ಪ ಶೀರ್ಷಿಕೆಗಳಲ್ಲಿ ಮಾತ್ರ ಒತ್ತುಗಳು ಶಾಯಿ ಚೆಲ್ಲಿದ ಹಾಗೆ. ಫೈರ್‌ಫಾಕ್ಸ್‌ನಲ್ಲಿ ಒಂದು ಥರ, ಕ್ರೋಮ್‌ನಲ್ಲಿ ಇನ್ನೊಂದು ಥರ.

ಉತ್ತರ: ಆ ಫಾಂಟಿಗೆ ಇರುವುದು ಒಂದೇ ತೂಕ, ರೆಗ್ಯುಲರ್. ನೀವು ಬೋಲ್ಡ್ ಕೇಳಿದ್ದೀರಿ, ಬ್ರೌಸರ್ ಇಲ್ಲ ಎನ್ನುವ ಬದಲು ತಾನೇ ಅಕ್ಷರವನ್ನು ಉಬ್ಬಿಸಿ ಕೊಟ್ಟಿದೆ. ಒತ್ತಕ್ಷರ ಮೊದಲೇ ಪುಟ್ಟದು, ಸುತ್ತಲೂ ಗೆರೆ ಉಬ್ಬಿದಾಗ ಡ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಎಷ್ಟು ಉಬ್ಬಿಸಬೇಕು ಎಂಬುದಕ್ಕೆ ಒಪ್ಪಿತ ಲೆಕ್ಕವಿಲ್ಲ, ಆದ್ದರಿಂದ ಬ್ರೌಸರಿಗೊಂದು ಥರ. ‘ಫಾಂಟ್-ಸಿಂಥೆಸಿಸ್: ನನ್’ ಎಂದು ಬರೆಸಿದರೆ ಈ ಉಪಕಾರ ನಿಲ್ಲುತ್ತದೆ. ಶೀರ್ಷಿಕೆ ಎದ್ದು ಕಾಣಬೇಕಾದರೆ ಗಾತ್ರ ಹೆಚ್ಚಿಸಿ, ನಿಮ್ಮ ಸರಕಿನ ಕೆಂಪು ಬಣ್ಣ ಇದ್ದೇ ಇದೆಯಲ್ಲ. ಇಟಾಲಿಕ್ ಬಳಸುವಾಗಲೂ ಎಚ್ಚರ, ಹೆಚ್ಚಿನ ಕನ್ನಡ ಫಾಂಟ್‌ಗಳಲ್ಲಿ ಅದಿಲ್ಲ, ಬ್ರೌಸರ್ ಅಕ್ಷರವನ್ನು ಸುಮ್ಮನೆ ಓರೆಯಾಗಿ ತಳ್ಳಿ ನಿಲ್ಲಿಸುತ್ತದೆ.

ಪ್ರಶ್ನೆ: ಧಾರವಾಡದ ವಿದ್ಯಾರ್ಥಿನಿ. ಕಾಲೇಜಿನ ಪುಟದಲ್ಲಿ ‘ರ‍್ಯಾಂಕ್’ ಎಂದು ಟೈಪಿಸಿದ್ದು ಕೆಲವು ಕಡೆ ಅರ್ಕಾವತ್ತಿನ ‘ರ್ಯಾಂಕ್’ ಆಗಿ ಕಾಣುತ್ತದೆ. ಯಾಕೆ?

ಉತ್ತರ: ರ ಮತ್ತು ಯ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇದೆ, ಜೀರೋ ವಿಡ್ತ್ ಜಾಯಿನರ್. ಯೂನಿಕೋಡ್ ಹೇಳುವ ಕ್ರಮ ರ, ಜೋಡಕ, ಹಲಂತ (ಅಕ್ಷರದ ಸ್ವರ ಕಳೆಯುವ ಚಿಹ್ನೆ), ಯ. ಹಳೆಯ ಕೆಲವು ಕೀಲಿಮಣೆಗಳು ಹಲಂತವನ್ನು ಮೊದಲು, ಜೋಡಕವನ್ನು ಆಮೇಲೆ ಹಾಕುತ್ತಿದ್ದವು. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಕನ್ನಡಕ್ಕೆಂದೇ ರಿಯಾಯಿತಿ ಕೊಟ್ಟು ಎರಡೂ ಕ್ರಮವನ್ನು ಒಂದೇ ಎಂದು ಓದುತ್ತದೆ. ಬೇರೆ ಜೋಡಣೆಗಾರರಲ್ಲಿ ಆ ರಿಯಾಯಿತಿಯನ್ನು ನೆಚ್ಚಬೇಡಿ. ಸಫಾರಿ ಆಪಲ್‌ನ ಕೋರ್‌ಟೆಕ್ಸ್ಟ್‌ನಿಂದ ಜೋಡಿಸುತ್ತದೆ, ಐಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ನಮ್ಮಲ್ಲಿ ಒಳಗಿರುವುದು ಸಫಾರಿಯ ಎಂಜಿನ್ನೇ. ಪದವನ್ನು ಅಳಿಸಿ ಸರಿಯಾದ ಕ್ರಮದಲ್ಲಿ ಮತ್ತೆ ಟೈಪಿಸಿ.

ಅದಾದ ಮೇಲೂ ಎಲ್ಲಾ ಬ್ರೌಸರಿನಲ್ಲೂ ಒಂದೇ ಥರ ಕೆಟ್ಟಿದ್ದರೆ ಫಾಂಟ್ ಫೈಲನ್ನು ಅನುಮಾನಿಸಿ. ಗಾತ್ರ ಇಳಿಸುವ ಭರದಲ್ಲಿ ಯಾರೋ ಜೋಡಕವನ್ನೋ ಒತ್ತು ಕೂಡಿಸುವ ಕೋಷ್ಟಕವನ್ನೋ ಕಿತ್ತುಹಾಕಿರುತ್ತಾರೆ. ಅದೇ ಪುಟದಲ್ಲಿ ‘ಹುಬ್ಬಳ್ಳಿ’ ಎಂದು ಟೈಪಿಸಿ ನೋಡಿ. ‘ಹುಬ್‌ಬಳ್‌ಳಿ’ ಎಂದು ಬಂದರೆ ಕೋಷ್ಟಕ ಹೋಗಿದೆ, ಮೂಲ ಫೈಲನ್ನು ಮತ್ತೆ ಇಳಿಸಿಕೊಳ್ಳಲು ಹೇಳಿ.